‘ಇಂಟೆನ್ಸ್’ ಎಲ್ಲಿ, ‘ಇಂಟೆನ್ಸಿವ್’ ಎಲ್ಲಿ? ‘ತೀವ್ರ’ ಅನ್ನೋ ಒಂದೇ ಪದ ಮಾಡುವ ಕಿತಾಪತಿ

ಪ್ರಶ್ನೆ: ನಾನು ಒಂದು ಫಿಸಿಯೋಥೆರಪಿ ಕ್ಲಿನಿಕ್‌ನಲ್ಲಿ ಕೆಲಸ ಮಾಡುತ್ತೇನೆ. ಹತ್ತನೇ ಕ್ಲಾಸಿನವರೆಗೂ ಓದಿದ್ದು ಕನ್ನಡ ಮಾಧ್ಯಮ. ಈಗ ರೋಗಿಗಳ ವರದಿಯನ್ನೆಲ್ಲ ಇಂಗ್ಲಿಷಿನಲ್ಲೇ ಬರೆಯಬೇಕು. ಮೊನ್ನೆ ಒಬ್ಬರ ಮಂಡಿನೋವಿನ ಬಗ್ಗೆ ‘ಇಂಟೆನ್ಸಿವ್ ಪೇನ್’ ಅಂತ ಬರೆದಿದ್ದೆ. ಸೀನಿಯರ್ ಅದನ್ನು ಹೊಡೆದುಹಾಕಿ ‘ಸಿವಿಯರ್’ ಅಂತ ಹಾಕಿದರು. ಯಾಕೆ ಅಂದರೆ ‘ಅದು ಹಾಗೇ’ ಅಂದರು. ಇಂಟೆನ್ಸ್‌ಗಿಂತ ಇಂಟೆನ್ಸಿವ್ ಇನ್ನೂ ಜೋರು ಅಂತ ನಾನು ಅಂದುಕೊಂಡಿದ್ದೆ. ಐಸಿಯು ಅಂದರೆ ಇಂಟೆನ್ಸಿವ್ ಕೇರ್ ತಾನೇ, ಅಲ್ಲಿ ಇರೋದು ತೀರಾ ಗಂಭೀರ ರೋಗಿಗಳೇ ಅಲ್ವಾ? ಅದೂ ಸಾಲದು ಅಂತ, ನನ್ನ ವರ್ಷದ ಮೌಲ್ಯಮಾಪನದಲ್ಲಿ ‘ಎ ಬಿಟ್ ಇಂಟೆನ್ಸ್ ವಿತ್ ಪೇಷಂಟ್ಸ್’ ಅಂತ ಬರೆದಿದ್ದಾರೆ. ಇದು ಹೊಗಳಿದ್ದಾ, ಚುಚ್ಚಿದ್ದಾ? ‘ವೆರಿ ಇಂಟೆನ್ಸ್’ ಅನ್ನೋದೇ ತಪ್ಪು ಅಂತ ನನ್ನ ಗೆಳತಿ ಬೇರೆ ಹೇಳುತ್ತಾಳೆ. ‘ತೀವ್ರ’ ಅಂತ ಮನಸ್ಸಿಗೆ ಬಂದ ಕಡೆಯೆಲ್ಲ ‘ಇಂಟೆನ್ಸ್’ ಅಂತ ಬರೆದುಬಿಟ್ಟರೆ ಆಗಲ್ವಾ?

ಉತ್ತರ: ನಿಮ್ಮ ಸೀನಿಯರ್ ತಿದ್ದಿದ್ದು ಸರಿ. ಕಾರಣ ಹೇಳದೆ ಬಿಟ್ಟಿದ್ದು ಸರಿಯಲ್ಲ. ಕಾರಣ ಗೊತ್ತಿಲ್ಲದಿದ್ದರೆ ನಾಳೆ ಇನ್ನೊಂದು ಕಡೆ ಅದೇ ಗೊಂದಲ ಮತ್ತೆ ಎದುರಾಗುತ್ತದೆ, ಆಗಲೂ ಯಾರೋ ಹೊಡೆದುಹಾಕುತ್ತಾರೆ, ನೀವು ಮತ್ತೆ ಪೆಚ್ಚಾಗುತ್ತೀರಿ.

ನಾನು ಕನ್ನಡ ಮತ್ತು ಇಂಗ್ಲಿಷ್ ನಡುವಿನ ತರ್ಜುಮೆ ತಿದ್ದುವ ಕೆಲಸ ಮಾಡುವವನು. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವವರ ಕೈಯಲ್ಲಿ ಮತ್ತೆ ಮತ್ತೆ ಜಾರುವ ಪದಗಳಲ್ಲಿ ಇದೂ ಒಂದು. ಇದರಲ್ಲಿ ನಿಮ್ಮ ದಡ್ಡತನ ಏನೂ ಇಲ್ಲ. ಇಂಗ್ಲಿಷಿನ ಇಂಟೆನ್ಸ್, ಇಂಟೆನ್ಸಿವ್, ಸಿವಿಯರ್, ಅಕ್ಯೂಟ್ ನಾಲ್ಕಕ್ಕೂ ನಮ್ಮ ಪಠ್ಯಪುಸ್ತಕ, ಪತ್ರಿಕೆ, ಆಸ್ಪತ್ರೆಯ ಬೋರ್ಡು ಎಲ್ಲ ಸೇರಿ ‘ತೀವ್ರ’ ಅನ್ನೋ ಒಂದೇ ಪದವನ್ನು ಕೊಟ್ಟುಬಿಟ್ಟಿವೆ. ಇಂಗ್ಲಿಷಿನಿಂದ ಕನ್ನಡಕ್ಕೆ ಬರುವಾಗ ಇದು ಅಷ್ಟಾಗಿ ತೊಂದರೆ ಮಾಡಲ್ಲ. ವಾಪಸ್ ಹೋಗುವಾಗ ಮಾತ್ರ ನಾಲ್ಕು ದಾರಿ ಕಾಣುತ್ತವೆ, ಕೈಮರ ಇರೋದಿಲ್ಲ.

ಮೊದಲು ಇಂಟೆನ್ಸ್ ಮತ್ತು ಇಂಟೆನ್ಸಿವ್ ವಿಷಯ. ಎರಡನೆಯದು ಮೊದಲನೆಯದರ ದೊಡ್ಡಣ್ಣ ಅನ್ನೋದು ಬರೀ ನಂಬಿಕೆ. ಬಾಲ ಉದ್ದ ಇದ್ದ ಮಾತ್ರಕ್ಕೆ ಅರ್ಥ ಹಿಗ್ಗುವುದಿಲ್ಲ. ಇಂಟೆನ್ಸ್ ಅಂದರೆ ಆ ಸಂಗತಿಯೇ ಜೋರಾಗಿದೆ: ನೋವು, ಶೆಕೆ, ಬೆಳಕು, ಆಸೆ, ದ್ವೇಷ, ಪೈಪೋಟಿ. ಇಂಟೆನ್ಸಿವ್ ಅಂದರೆ ಅದಕ್ಕೆ ಯಾರೋ ಸುರಿಯುತ್ತಿರುವ ಶ್ರಮ, ಹೊತ್ತು, ಗಮನ, ಸಾಮಗ್ರಿ ಜೋರಾಗಿದೆ: ತರಬೇತಿ, ಹುಡುಕಾಟ, ಬೇಸಾಯ, ಆರೈಕೆ. ನೋವನ್ನು ಯಾರೂ ಶ್ರಮ ಹಾಕಿ ಮಾಡುವುದಿಲ್ಲ, ಅದು ತಾನಾಗಿ ಬರುತ್ತದೆ. ಹಾಗಾಗಿ ‘ಇಂಟೆನ್ಸಿವ್ ಪೇನ್’ ಅಂತ ಓದಿದಾಗ ಇಂಗ್ಲಿಷ್ ಕಿವಿಗೆ ಯಾರೋ ಪಾಳಿ ಹಾಕಿಕೊಂಡು ನೋವು ಕೊಡುತ್ತಿದ್ದಾರೆ ಅನ್ನಿಸುತ್ತದೆ.

ಐಸಿಯು ವಿಷಯಕ್ಕೆ ಬರೋಣ, ಯಾಕೆಂದರೆ ನಿಮ್ಮನ್ನು ದಾರಿ ತಪ್ಪಿಸಿದ್ದೇ ಅದು. ಅಲ್ಲಿ ಇಂಟೆನ್ಸಿವ್ ಆಗಿರೋದು ಕಾಯಿಲೆ ಅಲ್ಲ, ಕೇರ್. ದೊಡ್ಡ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಬಂದವರು ನೋವಿಲ್ಲದೆ ನಿದ್ದೆ ಮಾಡುತ್ತಿದ್ದರೂ ಒಂದೆರಡು ದಿನ ಅಲ್ಲೇ ಇರುತ್ತಾರೆ, ಕ್ಷಣಕ್ಷಣಕ್ಕೂ ಗಮನ ಬೇಕು ಅಂತ. ಈ ಘಟಕ ಹುಟ್ಟಿದ ಕಥೆ ಗೊತ್ತಿದ್ದರೆ ಪದ ಯಾವತ್ತೂ ಮರೆಯಲ್ಲ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಹಬ್ಬಿತು. ಉಸಿರಾಡುವ ಸ್ನಾಯುಗಳೇ ಸೋತುಹೋದ ರೋಗಿಗಳು, ಅವರಲ್ಲಿ ಬಹಳ ಮಂದಿ ಮಕ್ಕಳು, ಬ್ಲೆಗ್ಡಾಮ್ ಆಸ್ಪತ್ರೆಗೆ ಬರತೊಡಗಿದರು. ಉಸಿರಾಟಕ್ಕೆ ನೆರವಾಗುವ ಯಂತ್ರಗಳು ಅಲ್ಲಿ ಬೆರಳೆಣಿಕೆಯಷ್ಟು. ಆಗ ಬ್ಯೋರ್ನ್ ಇಬ್ಸೆನ್ ಅನ್ನೋ ಅರಿವಳಿಕೆ ತಜ್ಞರು ಒಂದು ದಾರಿ ತೋರಿಸಿದರು. ಕತ್ತಿನಲ್ಲಿ ಸಣ್ಣ ತೂತು ಮಾಡಿ, ನಳಿಕೆ ಇಳಿಸಿ, ಅದಕ್ಕೊಂದು ರಬ್ಬರ್ ಚೀಲ ಜೋಡಿಸಿ, ಚೀಲವನ್ನು ಕೈಯಲ್ಲಿ ಒತ್ತಿ ಒತ್ತಿ ಗಾಳಿ ತುಂಬುವುದು. ಒತ್ತೋಕೆ ಕೈ ಬೇಕಲ್ಲ? ವೈದ್ಯಕೀಯ ವಿದ್ಯಾರ್ಥಿಗಳು ನೂರಾರು ಮಂದಿ ಪಾಳಿ ಹಾಕಿಕೊಂಡು, ಒಂದೊಂದು ಹಾಸಿಗೆಯ ಪಕ್ಕ ಕೂತು, ಹಗಲೂ ರಾತ್ರಿ ಚೀಲ ಒತ್ತಿದರು. ವಾರಗಟ್ಟಲೆ. ಮರುವರ್ಷ, 1953ರಲ್ಲಿ, ಅದೇ ಊರಲ್ಲಿ ಇಬ್ಸೆನ್ ಶುರುಮಾಡಿದ ವಾರ್ಡನ್ನೇ ಜಗತ್ತಿನ ಮೊದಲ ಐಸಿಯು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಇಂಟೆನ್ಸಿವ್ ಅನ್ನೋದು ಆ ಕೈಗಳ ಗುಣ, ಹಾಸಿಗೆಯಲ್ಲಿದ್ದವರ ನೋವಿನದ್ದಲ್ಲ. ನಮ್ಮ ‘ತೀವ್ರ ನಿಗಾ ಘಟಕ’ ಅನ್ನೋ ಹೆಸರಲ್ಲೂ ‘ತೀವ್ರ’ ಅಂಟಿಕೊಂಡಿರೋದು ‘ನಿಗಾ’ಕ್ಕೇ, ಗಮನಿಸಿ.

ನಿಮ್ಮ ಕೆಲಸದಲ್ಲೇ ಇನ್ನೂ ಒಳ್ಳೆ ಉದಾಹರಣೆ ಇದೆ. ಪಾರ್ಶ್ವವಾಯು ಆದವರ ಬೆರಳುಗಳನ್ನು ನೀವು ಮೆಲ್ಲಗೆ ಮಡಚಿ ಬಿಡಿಸಿ ಮಾಡಿಸುತ್ತೀರಿ, ದಿನಕ್ಕೆ ಹಲವು ಸಲ, ಪಕ್ಕದಲ್ಲೇ ಕೂತು, ವಾರವಿಡೀ. ಆ ವ್ಯಾಯಾಮದ ಇಂಟೆನ್ಸಿಟಿ ತೀರಾ ಕಮ್ಮಿ, ರೋಗಿಗೆ ಬೆವರು ಕೂಡ ಬರಲ್ಲ. ಆದರೆ ಆ ಕಾರ್ಯಕ್ರಮ ಇಂಟೆನ್ಸಿವ್. ಅದೇ ಗಟ್ಟಿಮುಟ್ಟಾದ ಒಬ್ಬರು ವಾರಕ್ಕೊಂದು ದಿನ ಕಾಲು ಗಂಟೆ ಎದ್ದುಬಿದ್ದು ಓಡಿದರೆ ಆ ಓಟ ಇಂಟೆನ್ಸ್, ಅವರ ತರಬೇತಿಗೆ ಇಂಟೆನ್ಸಿವ್ ಅಂತ ಯಾರೂ ಅನ್ನಲ್ಲ. ವ್ಯಾಯಾಮದ ಇಂಟೆನ್ಸಿಟಿಯನ್ನು ಅಳೆಯುವ ಮಾತಿನ ಪರೀಕ್ಷೆ ನಿಮಗೆ ಗೊತ್ತೇ ಇರುತ್ತದೆ. ಮಾಡುತ್ತಾ ಮಾತಾಡಬಹುದು ಆದರೆ ಹಾಡೋಕೆ ಆಗಲ್ಲ ಅಂದರೆ ಮಾಡರೇಟ್. ನಾಲ್ಕು ಪದ ಆಡುವಷ್ಟರಲ್ಲಿ ಏದುಸಿರು ಬಂದರೆ ವಿಗರಸ್. ಇಲ್ಲಿ ಅಳೆಯುತ್ತಿರೋದು ಆ ಕ್ಷಣದ ಜೋರನ್ನು. ಎಷ್ಟು ದಿನ ಮಾಡಿಸಿದಿರಿ, ಎಷ್ಟು ಜನ ನಿಂತು ಮಾಡಿಸಿದಿರಿ ಅನ್ನೋದು ಬೇರೆಯೇ ಲೆಕ್ಕ.

ಎರಡಕ್ಕೂ ಮೂಲ ಮಾತ್ರ ಒಂದೇ. ಲ್ಯಾಟಿನ್ನಿನ ‘ಇಂತೆಂದೆರೆ’, ಅಂದರೆ ಒಂದರ ಕಡೆಗೆ ಎಳೆದು ಬಿಗಿಮಾಡುವುದು. ಟೆನ್ಸ್, ಟೆನ್ಷನ್, ಇಂಟೆನ್ಷನ್, ಬಟ್ಟೆ ಎಳೆದು ಕಟ್ಟುವ ಟೆಂಟ್ ಎಲ್ಲ ಅದೇ ಬಳಗ. ಹಾಗಾಗಿ ‘ಕ್ಯಾಂಪಿಂಗ್ ಈಸ್ ಇಂಟೆನ್ಸ್’ ಅನ್ನೋ ಹಳಸಲು ಜೋಕು, ಟೆಂಟಿನೊಳಗೆ ಅಂತಲೂ ಕೇಳಿಸುತ್ತಲ್ಲ ಅದು, ಹೇಳುವವರಿಗೆ ಗೊತ್ತಿಲ್ಲದೆಯೇ ನೆಂಟರನ್ನು ನೆಂಟರಿಗೆ ಪರಿಚಯ ಮಾಡಿಸಿದಂತೆ. ನಮ್ಮ ‘ತಂತು’, ‘ತಂತಿ’ ಪದಗಳ ಹಿಂದಿರುವ ಸಂಸ್ಕೃತದ ‘ತನ್’ ಧಾತು ಕೂಡ ಈ ಲ್ಯಾಟಿನ್ ಬೇರಿಗೆ ದೂರದ ದಾಯಾದಿಯೇ. ಬೇಸಾಯದಲ್ಲಿ ಇಂಟೆನ್ಸಿವ್‌ಗೆ ಎದುರಾಗಿ ಎಕ್ಸ್‌ಟೆನ್ಸಿವ್ ಅಂತಾರಲ್ಲ, ಅಲ್ಲೂ ಇದೇ ಎಳೆತ. ಒಂದು ಒಳಮುಖ, ಇನ್ನೊಂದು ಹೊರಮುಖ. ಇದ್ದ ತುಂಡು ನೆಲಕ್ಕೇ ಗೊಬ್ಬರ, ನೀರು, ಆಳು ಎಲ್ಲ ಸುರಿದರೆ ಮೊದಲನೆಯದು. ಸುರಿಯೋದು ಕಮ್ಮಿ, ನೆಲ ಜಾಸ್ತಿ ಅಂದರೆ ಎರಡನೆಯದು. ನಮ್ಮ ಪಠ್ಯಗಳಲ್ಲಿ ಮೊದಲನೆಯದಕ್ಕೆ ‘ಸಾಂದ್ರ ಬೇಸಾಯ’ ಅಂತಿದ್ದಾರೆ. ಬಹಳ ಸೊಗಸಾದ ಆಯ್ಕೆ ಅದು, ‘ತೀವ್ರ’ ಅನ್ನೋದನ್ನು ಅಲ್ಲಿಗೆ ಎಳೆದು ತರಲಿಲ್ಲ. ಲೇಬರ್ ಇಂಟೆನ್ಸಿವ್, ವಾಟರ್ ಇಂಟೆನ್ಸಿವ್ ಅಂತ ಬಂದಾಗಲೂ ಅರ್ಥ ಸುಲಭ: ಜಾಸ್ತಿ ಆಳು ಬೇಡುವ ಕೆಲಸ, ಜಾಸ್ತಿ ನೀರು ಕುಡಿಯುವ ಬೆಳೆ.

ಇನ್ನು ಸಿವಿಯರ್. ಇದು ಬರೋದು ಕೆಟ್ಟದ್ದರ ಜೊತೆಗೆ ಮಾತ್ರ. ಸಿವಿಯರ್ ನೋವು, ಸಿವಿಯರ್ ಬರಗಾಲ, ಸಿವಿಯರ್ ಶಿಕ್ಷೆ. ಇಂಟೆನ್ಸ್‌ಗೆ ಆ ಮಡಿ ಇಲ್ಲ, ಸಂತೋಷವೂ ಇಂಟೆನ್ಸ್ ಆಗಬಹುದು, ಸಂಕಟವೂ ಆಗಬಹುದು. ‘ಸಿವಿಯರ್ ಜಾಯ್’ ಅಂತ ಬರೆದರೆ ಓದಿದವರು ನಗುತ್ತಾರೆ.

ಅಕ್ಯೂಟ್ ಇದೆಯಲ್ಲ, ನಿಮ್ಮಂಥವರಿಗೆ ನಿಜವಾಗಿ ಅಪಾಯ ಇರೋದು ಅಲ್ಲಿ. ಸಾಮಾನ್ಯ ಇಂಗ್ಲಿಷಿನಲ್ಲಿ ಅದಕ್ಕೆ ಚುರುಕು, ಹರಿತ, ಜೋರು ಅನ್ನೋ ಅರ್ಥ ಇದೆ. ಆದರೆ ವೈದ್ಯರ ಭಾಷೆಯಲ್ಲಿ ಅದು ಜೋರಿನ ಮಾತಲ್ಲ, ಕಾಲದ ಮಾತು. ಹಠಾತ್ತನೆ ಶುರುವಾದದ್ದು, ಇತ್ತೀಚಿನದು ಅಕ್ಯೂಟ್. ಬಹಳ ದಿನದಿಂದ ಕಾಡುತ್ತಿರುವುದು ಕ್ರಾನಿಕ್, ನೋವಿನ ಮಟ್ಟಿಗೆ 3 ತಿಂಗಳು ದಾಟಿದರೆ ಆ ಹೆಸರು. ಸಣ್ಣ ನೋವೂ ಅಕ್ಯೂಟ್ ಆಗಿರಬಹುದು, ಪ್ರಾಣ ಹಿಂಡುವ ನೋವೂ ಕ್ರಾನಿಕ್ ಆಗಿರಬಹುದು. 2003ರಲ್ಲಿ ಜಗತ್ತನ್ನು ಗಾಬರಿಪಡಿಸಿದ ಸಾರ್ಸ್ ಕಾಯಿಲೆಯ ಪೂರ್ತಿ ಹೆಸರನ್ನು ಬಿಡಿಸಿ ನೋಡಿ: ಸಿವಿಯರ್ ಅಕ್ಯೂಟ್ ರೆಸ್ಪಿರೇಟರಿ ಸಿಂಡ್ರೋಮ್. ಎರಡೂ ಒಂದೇ ಆಗಿದ್ದರೆ ಎರಡನ್ನೂ ಯಾಕೆ ಸೇರಿಸುತ್ತಿದ್ದರು? ಕನ್ನಡದಲ್ಲಿ ಎರಡಕ್ಕೂ ‘ತೀವ್ರ’ ಅಂತಲೇ ಬರೆಯುವ ರೂಢಿ ಇರೋದರಿಂದ ವರದಿಯಲ್ಲಿ ‘ಅಕ್ಯೂಟ್ ನೀ ಪೇನ್’ ಅಂತ ಜೋರಿನ ಅರ್ಥದಲ್ಲಿ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಮುಂದೆ ಅದನ್ನು ಓದುವ ವೈದ್ಯರು ಈ ನೋವು ಹೊಸದು ಅಂದುಕೊಳ್ಳುತ್ತಾರೆ. ಹತ್ತು ವರ್ಷದ ಸವೆದ ಮಂಡಿ ಕಾಗದದಲ್ಲಿ ಮೊನ್ನೆ ಪೆಟ್ಟಾದ ಮಂಡಿ ಆಗಿಬಿಡುತ್ತದೆ.

ಹಾಗಾದರೆ ಮಂಡಿನೋವಿಗೆ ಏನು ಬರೆಯಬೇಕಿತ್ತು? ‘ಇಂಟೆನ್ಸ್ ಪೇನ್’ ಅಂತ ಬರೆದಿದ್ದರೆ ಇಂಗ್ಲಿಷ್ ಸರಿ ಇರುತ್ತಿತ್ತು, ರೋಗಿಗೆ ಹೇಗೆ ಅನ್ನಿಸಿತು ಅನ್ನೋದನ್ನು ಅದು ಹೇಳುತ್ತದೆ. ಆದರೆ ಎಷ್ಟು ಅಂತ ಹೇಳಲ್ಲ, ಒಬ್ಬೊಬ್ಬರು ಒಂದೊಂದು ಥರ ಓದಿಕೊಳ್ಳಬಹುದು. ಸೀನಿಯರ್ ಬರೆದ ‘ಸಿವಿಯರ್’ ಕ್ಲಿನಿಕ್‌ನ ಭಾಷೆ. ಮೈಲ್ಡ್, ಮಾಡರೇಟ್, ಸಿವಿಯರ್ ಅನ್ನೋ ಮೂರು ಮೆಟ್ಟಿಲಲ್ಲಿ ಕೊನೆಯದು. ಅದರಲ್ಲೂ ಒಂದು ತೊಡಕಿದೆ: ಅಳೆಯದೆ ಸುಮ್ನೆ ಹಾಕಿದರೆ ಅದು ನಿಮ್ಮ ತೀರ್ಮಾನ ಆಗಿಬಿಡುತ್ತದೆ, ನಾಳೆ ಯಾರಾದರೂ ಯಾವ ಆಧಾರದ ಮೇಲೆ ಅಂತ ಕೇಳಬಹುದು. ‘ಎಕ್ಸ್‌ಟ್ರೀಮ್’ ಬೇಡವೇ ಬೇಡ, ಅದು ತುತ್ತತುದಿಯ ಪದ. ಅದಾದ ಮೇಲೆ ನೋವು ಹೆಚ್ಚಾದರೆ ಬರೆಯೋಕೆ ಏನೂ ಉಳಿಯಲ್ಲ. ನನ್ನನ್ನು ಕೇಳಿದರೆ, ಗುಣವಾಚಕದ ಗೊಡವೆಯೇ ಬೇಡ ಅಂತೀನಿ. 0ಯಿಂದ 10ರ ನೋವಿನ ಮಾಪನ ಇದ್ದೇ ಇದೆ. ‘ಮೆಟ್ಟಿಲು ಇಳಿಯುವಾಗ 8, ಕೂತಾಗ 3’ ಅಂತ ಬರೆದರೆ ಇಂಟೆನ್ಸ್, ಸಿವಿಯರ್ ಎರಡಕ್ಕಿಂತಲೂ ಹೆಚ್ಚು ತಿಳಿಯುತ್ತದೆ. ಅಂದಹಾಗೆ ಆ ಅಂಕಿ ಅಳೆಯೋದನ್ನೇ ಇಂಗ್ಲಿಷಿನಲ್ಲಿ ‘ಪೇನ್ ಇಂಟೆನ್ಸಿಟಿ’ ಅನ್ನೋದು. ಪದ ಸರಿಯಾಗಿ ಕೂರುವ ಜಾಗ ಅದು.

ಇಂಟೆನ್ಸಿಟಿ ಅಂದ ಕೂಡಲೇ ಪತ್ರಿಕೆಗಳ ಒಂದು ಹಳೇ ಗೊಂದಲ ನೆನಪಾಗುತ್ತದೆ. ಭೂಕಂಪ ಆದಾಗ ‘ರಿಕ್ಟರ್ ಮಾಪಕದಲ್ಲಿ 6.1 ತೀವ್ರತೆ’ ಅಂತ ಓದುತ್ತೇವೆ ಅಲ್ವಾ? ಅದನ್ನು ಇಂಗ್ಲಿಷಿಗೆ ತಿರುಗಿಸುವವರು ತಟಕ್ಕನೆ ಇಂಟೆನ್ಸಿಟಿ ಅಂತ ಬರೆಯುತ್ತಾರೆ. ತಪ್ಪು. ಅದು ಮ್ಯಾಗ್ನಿಟ್ಯೂಡ್, ನೆಲದೊಳಗೆ ಒಟ್ಟು ಎಷ್ಟು ಶಕ್ತಿ ಬಿಡುಗಡೆ ಆಯಿತು ಅನ್ನೋದರ ಅಳತೆ. ಒಂದು ಭೂಕಂಪಕ್ಕೆ ಮ್ಯಾಗ್ನಿಟ್ಯೂಡ್ ಒಂದೇ. ಇಂಟೆನ್ಸಿಟಿ ಅನ್ನೋದು ನೀವು ನಿಂತ ಜಾಗದಲ್ಲಿ ನೆಲ ಎಷ್ಟು ಅಲುಗಿತು, ಏನೇನು ಬಿತ್ತು ಅನ್ನೋದು. ಅದಕ್ಕೆ 1ರಿಂದ 12ರವರೆಗಿನ ಮರ್ಕಾಲಿ ಮಾಪಕದಂಥ ಬೇರೆ ಮಾಪಕಗಳಿವೆ, ಒಂದೇ ಭೂಕಂಪಕ್ಕೆ ಊರಿಂದ ಊರಿಗೆ ಅಂಕಿ ಬದಲಾಗುತ್ತದೆ. ಇಲ್ಲೂ ಗಮನಿಸಿ, ಇಂಟೆನ್ಸ್ ಬಳಗ ಹೇಳುವುದು ಇದ್ದ ಜಾಗದಲ್ಲಿ ತಟ್ಟಿದ ಜೋರನ್ನೇ. ಭೌತಶಾಸ್ತ್ರದಲ್ಲೂ ಬೆಳಕಿನ, ಸದ್ದಿನ ಇಂಟೆನ್ಸಿಟಿ ಅಂದರೆ ಒಂದು ಚದರ ಮೀಟರಿಗೆ ಎಷ್ಟು ವಾಟ್ ಬೀಳುತ್ತಿದೆ ಅಂತ.

ಈಗ ‘ತೀವ್ರ ಅನ್ನಿಸಿದ ಕಡೆಯೆಲ್ಲ ಇಂಟೆನ್ಸ್ ಹಾಕಬಹುದಾ’ ಅನ್ನೋ ಪ್ರಶ್ನೆ. ಹಾಕಬಾರದು. ಕಾರಣ ನಿಮ್ಮ ಕಿವಿಗೆ ಈಗಾಗಲೇ ಗೊತ್ತು. ನಾವು ಕಡು ಬಡತನ ಅಂತೀವಿ, ಗಾಢ ನಿದ್ದೆ ಅಂತೀವಿ, ಕೊರೆಯುವ ಚಳಿ, ಸುಡು ಬಿಸಿಲು, ಕಟ್ಟಾ ಅಭಿಮಾನಿ ಅಂತೀವಿ. ಗಾಢ ಬಡತನ, ಕಡು ನಿದ್ದೆ ಅಂತ ಯಾರಾದರೂ ಅಂದರೆ ಅರ್ಥ ಆಗುತ್ತದೆ, ಆದರೆ ಅವರು ಹೊರಗಿನವರು ಅಂತಲೂ ಗೊತ್ತಾಗುತ್ತದೆ. ‘ನಡು’ವನ್ನು ‘ನಟ್ಟನಡು’ ಮಾಡುತ್ತೇವೆ, ‘ಬಯಲ’ನ್ನು ‘ಬಟ್ಟಬಯಲು’ ಮಾಡುತ್ತೇವೆ, ‘ಕಡೆ’ಯನ್ನು ‘ಕಟ್ಟಕಡೆ’ ಮಾಡುತ್ತೇವೆ. ಇದಕ್ಕೆಲ್ಲ ಯಾವ ಮೇಷ್ಟ್ರೂ ನಿಯಮ ಹೇಳಿಕೊಟ್ಟಿಲ್ಲ. ಇಂಗ್ಲಿಷಿನಲ್ಲೂ ಹಾಗೇ ಒಂದೊಂದಕ್ಕೆ ಒಂದೊಂದು ಜೋಡಿ. ನಾವು ಆಡುಮಾತಲ್ಲಿ ಆರಾಮಾಗಿ ‘ಜೋರು’ ಅಂತ ಹೇಳುವುದನ್ನೆಲ್ಲ ಅವರು ಹಂಚಿಬಿಟ್ಟಿದ್ದಾರೆ. ಜೋರು ಮಳೆ ‘ಹೆವಿ’, ಜೋರು ಗಾಳಿ ‘ಸ್ಟ್ರಾಂಗ್’, ಜೋರು ಜ್ವರ ‘ಹೈ’, ಜೋರು ಸದ್ದು ‘ಲೌಡ್’. ‘ಇಂಟೆನ್ಸ್ ಫೀವರ್’ ಅಂತ ವರದಿಯಲ್ಲಿ ಬರೆದರೆ ವ್ಯಾಕರಣದ ತಪ್ಪೇನೂ ಇಲ್ಲ, ಆದರೂ ಓದುವವರ ಹುಬ್ಬು ಮೇಲೇರುತ್ತದೆ. ಇಂಟೆನ್ಸ್ ನಿಜಕ್ಕೂ ಒಗ್ಗುವ ಕಡೆ: ಹೀಟ್, ಪ್ರೆಶರ್, ಕಾಂಪಿಟಿಶನ್, ಡಿಬೇಟ್, ಇಂಟರೆಸ್ಟ್, ಡಿಸ್‌ಲೈಕ್, ಬಣ್ಣ, ರುಚಿ. ಇವನ್ನು ಬಿಡಿಬಿಡಿಯಾಗಿ ಉರು ಹೊಡೆಯೋದಕ್ಕಿಂತ ಜೋಡಿಯಾಗಿ ಕಿವಿಗೆ ಹಾಕಿಕೊಳ್ಳಿ. ಸಂಶಯ ಬಂದರೆ ಕಲಿಯುವವರಿಗಾಗಿ ಮಾಡಿರುವ ನಿಘಂಟುಗಳನ್ನು ತೆರೆಯಿರಿ. ಅರ್ಥಕ್ಕಲ್ಲ, ಉದಾಹರಣೆ ವಾಕ್ಯಗಳಿಗೆ. ಇಂಗ್ಲಿಷ್-ಕನ್ನಡ ನಿಘಂಟು ಈ ಕೆಲಸಕ್ಕೆ ಬರಲ್ಲ, ಅದು ನಿಮ್ಮನ್ನು ಮತ್ತೆ ‘ತೀವ್ರ’ದ ಬಾಗಿಲಿಗೇ ತಂದು ಬಿಡುತ್ತದೆ.

ಕ್ರಿಯೆಯ ಜೊತೆ ಬರುವ ರೂಪಗಳಲ್ಲೂ ಇದೇ ಸೂತ್ರ. ಒಬ್ಬರನ್ನು ದ್ವೇಷಿಸೋದು ಇಂಟೆನ್ಸ್‌ಲಿ, ಪರೀಕ್ಷೆಗೆ ಓದೋದು ಇಂಟೆನ್ಸಿವ್ಲಿ. ಕಣ್ಣು ಮಿಟುಕಿಸದೆ ಗಮನ ಕೊಟ್ಟು ಕೇಳೋದಕ್ಕೆ ಇಂಟೆಂಟ್ಲಿ ಅನ್ನೋ ಮೂರನೆಯದೊಂದಿದೆ. ಇಂಟೆಂಟ್ಸ್ ಮತ್ತು ಇಂಟೆನ್ಸ್ ಬಾಯಲ್ಲಿ ಹೆಚ್ಚುಕಮ್ಮಿ ಒಂದೇ ಥರ ಕೇಳಿಸೋದರಿಂದ ಇಂಗ್ಲಿಷ್ ಮನೆಮಾತಿನವರೇ ‘ಫಾರ್ ಆಲ್ ಇಂಟೆಂಟ್ಸ್ ಅಂಡ್ ಪರ್ಪಸಸ್’ ಅನ್ನೋದನ್ನು ‘ಫಾರ್ ಆಲ್ ಇಂಟೆನ್ಸಿವ್ ಪರ್ಪಸಸ್’ ಅಂತ ಬರೆದುಬಿಡುತ್ತಾರೆ. ಹೀಗೆ ಕೇಳಿಸಿದಂತೆ ಬರೆದು ಅದಕ್ಕೊಂದು ಹೊಸ ಅರ್ಥ ಹೊಂದಿಸಿಕೊಳ್ಳುವುದಕ್ಕೆ 2003ರಿಂದ ‘ಎಗ್‌ಕಾರ್ನ್’ ಅನ್ನೋ ಹೆಸರು ಬೇರೆ ಬಂದಿದೆ. ಅಂದರೆ ಈ ಪದದ ಹತ್ತಿರ ಎಡವುವವರು ನಾವು ಮಾತ್ರ ಅಲ್ಲ.

‘ವೆರಿ ಇಂಟೆನ್ಸ್’ ತಪ್ಪು ಅನ್ನೋದು ನಿಮ್ಮ ಗೆಳತಿ ಎಲ್ಲೋ ಅರ್ಧ ಕೇಳಿಸಿಕೊಂಡ ನಿಯಮ. ಯುನೀಕ್, ಡೆಡ್ ಥರದ, ಹೆಚ್ಚುಕಮ್ಮಿ ಆಗದ ಪದಗಳಿಗೆ ‘ವೆರಿ’ ಸೇರಿಸಬೇಡಿ ಅಂತ ಕೆಲವರು ಹೇಳುತ್ತಾರೆ. ಇಂಟೆನ್ಸ್ ಆ ಗುಂಪಿನದಲ್ಲ, ಕಮ್ಮಿ ಇಂಟೆನ್ಸ್, ಜಾಸ್ತಿ ಇಂಟೆನ್ಸ್ ಎಲ್ಲ ಇರುತ್ತದೆ. ಧಾರಾಳವಾಗಿ ಬಳಸಿ. ಪದ ತಾನೇ ಜೋರಾಗಿರೋದರಿಂದ ಬಹಳ ಸಲ ಅದರ ಅಗತ್ಯ ಇರೋದಿಲ್ಲ, ಅಷ್ಟೇ.

ಕೊನೆಗೆ ನಿಮ್ಮ ಮೌಲ್ಯಮಾಪನ. ನಿಮಗೆ ನಿಜವಾಗಿ ಕೊರೆಯುತ್ತಿರೋದು ಇದೇ ಅಂತ ನನಗೆ ಗುಮಾನಿ. ಮನುಷ್ಯರಿಗೆ ಇಂಟೆನ್ಸ್ ಅಂದಾಗ ಅದು ಎರಡು ಅಲಗಿನ ಮಾತು. ಎಲ್ಲವನ್ನೂ ಮನಸ್ಸಿಟ್ಟು, ಆಳವಾಗಿ ಮಾಡುವವರು ಅಂತ ಒಂದು ಕಡೆ. ಎದುರಿಗೆ ಕೂತವರಿಗೆ ಉಸಿರಾಡೋಕೂ ಬಿಡುವು ಕೊಡದವರು, ನಗೋದಕ್ಕೂ ಯೋಚಿಸಬೇಕಾದವರು ಅಂತ ಇನ್ನೊಂದು ಕಡೆ. ಬರೀ ‘ಶಿ ಈಸ್ ಇಂಟೆನ್ಸ್’ ಅಂತಿದ್ದರೆ ಯಾವ ಕಡೆ ಅಂತ ಹೇಳೋದು ಕಷ್ಟ. ಆದರೆ ಇಲ್ಲಿ ‘ಎ ಬಿಟ್’ ಇದೆ, ಅದು ಗುಟ್ಟು ಬಿಟ್ಟುಕೊಡುತ್ತದೆ. ಇಂಗ್ಲಿಷಿನವರು ‘ಎ ಬಿಟ್’ ಅನ್ನೋದನ್ನು ಸಾಮಾನ್ಯವಾಗಿ ಬೇಡದ ಗುಣಗಳ ಮುಂದೆ ಹಾಕುತ್ತಾರೆ. ಎ ಬಿಟ್ ಲೇಟ್, ಎ ಬಿಟ್ ಎಕ್ಸ್‌ಪೆನ್ಸಿವ್, ಎ ಬಿಟ್ ಲೌಡ್ ಅಂತಾರೆ. ಎ ಬಿಟ್ ಬ್ಯೂಟಿಫುಲ್ ಅನ್ನಲ್ಲ. ಹಾಗಾಗಿ ಇದು ಹೊಗಳಿಕೆ ಅಲ್ಲ. ಬೈದದ್ದೂ ಅಲ್ಲ, ಮೆತ್ತಗೆ ಹೇಳಿದ ಆಕ್ಷೇಪ. ಕನ್ನಡದಲ್ಲಾದರೆ ‘ರೋಗಿಗಳ ಹತ್ತಿರ ಸ್ವಲ್ಪ ಜಾಸ್ತಿನೇ ಸೀರಿಯಸ್ ಆಗಿಬಿಡ್ತೀರ ನೀವು’ ಅಂತ ಹೇಳುತ್ತಿದ್ದರೇನೋ.

ಏನು ಮಾಡಬಹುದು? ಸುಮ್ಮನಿದ್ದುಬಿಡಬಹುದು. ಆದರೆ ಮುಂದಿನ ವರ್ಷದ ಕಾಗದದಲ್ಲಿ ‘ಎ ಬಿಟ್’ ಬಿದ್ದುಹೋಗಿ ‘ಟೂ’ ಬಂದು ಕೂತರೆ ಆಗ ಮಾತಾಡೋದು ಕಷ್ಟ. ‘ಟೂ’ ಅಂದರೆ ‘ತುಂಬಾ’ ಅಲ್ಲ, ‘ಮಿತಿ ಮೀರಿ’. ಪದದ ಅರ್ಥ ಹಿಡಿದು ವಾದಕ್ಕೆ ಇಳಿಯಬಹುದು, ಇಂಟೆನ್ಸ್ ಒಳ್ಳೆಯದೇ ಅಲ್ವಾ ಸರ್ ಅಂತ. ಅದು ಬೇಡ, ನೀವು ಇಂಟೆನ್ಸ್ ಅನ್ನೋದಕ್ಕೆ ನೀವೇ ಸಾಕ್ಷಿ ಒದಗಿಸಿದಂತೆ ಆಗುತ್ತದೆ. ನನಗೆ ಸರಿ ಅನ್ನಿಸೋದು ಇಷ್ಟು: ಬಿಡುವಾಗಿದ್ದಾಗ ಹೋಗಿ, ಪದದ ಸುದ್ದಿಯನ್ನೇ ಎತ್ತದೆ, ಯಾವ ರೋಗಿಯ ಹತ್ತಿರ ಹಾಗೆ ಅನ್ನಿಸಿತು, ನಾನು ಏನು ಮಾಡುತ್ತಿದ್ದೆ ಅಂತ ಕೇಳಿ. ವ್ಯಾಯಾಮದ ಎಣಿಕೆ ತಪ್ಪಿದರೆ ಗದರುತ್ತೀರೇನೋ, ನೋವು ಅಂದಾಗಲೂ ಬಿಡದೆ ಮಾಡಿಸುತ್ತೀರೇನೋ, ಒಂದೇ ಸಮನೆ ಮುಖ ನೋಡುತ್ತಾ ಪ್ರಶ್ನೆ ಕೇಳುತ್ತೀರೇನೋ. ಅವರು ಒಂದು ಸಂದರ್ಭ ಹೇಳಿದರೆ ಅದನ್ನು ತಿದ್ದಿಕೊಳ್ಳಬಹುದು. ಏನೂ ಹೇಳೋಕೆ ಆಗದೆ ಮತ್ತೆ ‘ಅದು ಹಾಗೇ’ ಅಂದರೆ, ಮುಂದಿನ ಸಲ ಉದಾಹರಣೆ ಸಮೇತ ಬರೆದುಕೊಡಿ ಅಂತ ಕೇಳುವ ಹಕ್ಕು ನಿಮಗಿದೆ.